ತೆಗೆ ಅನ್ನುವ ಮಾತು

ಮದುವೆಯಾದ ಹೊಸದರಲ್ಲಿ ಆ ಗಂಡ ಹೆಂಡತಿ ಮೊದಲ ಸಲ ಮುನಿಸಿಕೊಂಡದ್ದು ಒಂದೇ ಒಂದು ಮಾತಿಗೆ. ಅವನು ಅಣೆಕಟ್ಟಿನ ಬುಡದಲ್ಲಿದ್ದ ವಿದ್ಯುದಾಗಾರದಲ್ಲಿ ಗೇಟಿನ ಕೆಲಸದವನು. ಅವಳು ಊರಾಚೆಯ ಕಂಟ್ರೋಲ್ ರೂಮಿನಲ್ಲಿ ಕೂತು, ಯಾವ ಲೈನಿಗೆ ಎಷ್ಟು ಕರೆಂಟು ಹೋಗಬೇಕೆಂದು ನೋಡಿಕೊಳ್ಳುವವಳು. ಅವನ ಕೆಲಸದಲ್ಲಿ 'ತೆಗೆ' ಅಂದರೆ ಗೇಟು ತೆಗೆಯುವುದು. ತೆಗೆದರೆ ನೀರು ನುಗ್ಗುತ್ತದೆ, ಯಂತ್ರ ತಿರುಗುತ್ತದೆ. ಅವಳ ಕೆಲಸದಲ್ಲಿ 'ತೆಗೆ' ಅಂದರೆ ಸ್ವಿಚ್ಚು ತೆಗೆಯುವುದು. ತೆಗೆದರೆ ಕರೆಂಟು ನಿಲ್ಲುತ್ತದೆ. ಒಬ್ಬರಿಗೆ ಬರುವ ಮಾತು ಇನ್ನೊಬ್ಬರಿಗೆ ಹೋಗುವ ಮಾತು. ಒಂದು ಬೆಳಿಗ್ಗೆ ಸ್ನಾನದ ಮನೆಯಿಂದ ಅವನು "ತೆಗಿಯೇ" ಎಂದು ಕೂಗಿದ. ತೊಟ್ಟಿಯ ನೀರು ಬಿಡು ಎಂದು ಅವನ ಅರ್ಥ. ಅವಳು ಹೋಗಿ ಬಿಸಿನೀರಿನ ಗೀಸರ್ ಆರಿಸಿ ಬಂದಳು. ಮೈ ತುಂಬ ಸೋಪು ಹಚ್ಚಿಕೊಂಡು ನಿಂತವನು ಬಹಳ ಹೊತ್ತು ಕಾದ. ಆಮೇಲೆ ಆಡಿದ ಮಾತುಗಳನ್ನು ಇಬ್ಬರೂ ಮರೆತಿದ್ದಾರೆ, ಅಥವಾ ಮರೆತ ಹಾಗೆ ಇದ್ದಾರೆ. "ನಿಮ್ಮಿಬ್ಬರ ನಡುವೆ ಒಬ್ಬ ದುಭಾಷಿಯನ್ನು ಕೂರಿಸಬೇಕು ನೋಡಿ" ಎಂದು ಅತ್ತೆ ಬದುಕಿರುವವರೆಗೂ ಹೇಳಿಕೊಂಡು ನಗುತ್ತಿದ್ದರು.

ದುಭಾಷಿ ಬೇಕಾಗಲಿಲ್ಲ. ಸಂಸಾರ ಹಳತಾದಂತೆ ಅವನು ಅವಳ ಭಾಷೆ ಕಲಿತ, ಅವಳು ಅವನದನ್ನು ಕಲಿತಳು. ಯಾರೂ ಯಾರಿಗೂ ಕಲಿಸಲಿಲ್ಲ. ಚಳಿಯಾದಾಗ ಅವನು ಎದ್ದು "ಫ್ಯಾನು ತೆಗೀತೀನಿ" ಎನ್ನುತ್ತಿದ್ದ; ಅವಳು ಅವನಿಗಾಗಿ "ನೀರು ತೆಗೀರಿ" ಎನ್ನುತ್ತಿದ್ದಳು. ಮನೆಯಲ್ಲಿ ಇದು ನಡೆಯುತ್ತದೆ. ಕೆಲಸದಲ್ಲಿ ನಡೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಶಿಫ್ಟಿನ ಮುಖ್ಯಸ್ಥೆಯಾದ ಮೇಲೆ ಅವಳು ಮಾಡಿದ ಮೊದಲ ಕೆಲಸವೆಂದರೆ ಫೋನುಗಳ ಮೇಲಿನ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆಸಿದ್ದು: 'ತೆಗೆ ಅನ್ನಬೇಡಿ. ನೀರಾದರೆ ಬಿಡಿ ಅನ್ನಿ. ಲೈನಾದರೆ ನಿಲ್ಲಿಸಿ ಅನ್ನಿ.' ಹೊಸಬರು ಅದನ್ನು ಓದಿ ಒಳಗೊಳಗೇ ನಗುತ್ತಿದ್ದರು. ನಗಲಿ, ಆದರೆ ಪಾಲಿಸಲಿ ಎಂದು ಅವಳು ಸುಮ್ಮನಿದ್ದಳು. ಊರಿನವರು ಅವಳನ್ನು ಕರೆಂಟಮ್ಮ ಎಂದೇ ಕರೆಯುತ್ತಿದ್ದರು; ದೀಪ ಹೋದರೆ ಅವಳ ಹೆಸರಿಗೆ ಬೈಗುಳ, ಬಂದರೆ ಯಾರಿಗೂ ಅವಳ ನೆನಪಿಲ್ಲ. ಅದರಲ್ಲಿ ಅವಳಿಗೆ ಬೇಸರವೇನೂ ಇರಲಿಲ್ಲ.

ಹೀಗಿರುವಾಗ ಅಣೆಕಟ್ಟಿಗೂ ಊರಿಗೂ ನಡುವಿನ ಬಯಲಿನಲ್ಲಿ ಒಂದು ಕಟ್ಟಡ ಎದ್ದಿತು. ಕಿಟಕಿಯೇ ಇಲ್ಲದ, ಉದ್ದಕ್ಕೆ ಮಲಗಿದ ಕಟ್ಟಡ. ಒಳಗೆ ಸಾಲುಸಾಲಾಗಿ ಕಪ್ಪು ಬೀರುಗಳು, ಬೀರುಗಳ ತುಂಬ ಕಂಪ್ಯೂಟರುಗಳು. ಆ ಕಂಪ್ಯೂಟರುಗಳಿಗೆ ದೇಶದ ಪುಸ್ತಕ, ಪತ್ರಿಕೆ, ಮಾತು, ಲೆಕ್ಕ ಎಲ್ಲವನ್ನೂ ಓದಿಸಿ, ಕೇಳಿದ್ದಕ್ಕೆ ಉತ್ತರ ಹೇಳುವ ಕೃತಕ ಬುದ್ಧಿಯೊಂದನ್ನು ತಯಾರು ಮಾಡುವುದು ಸರ್ಕಾರದ ಹಂಬಲ. ಊರಿನವರು ಅದಕ್ಕೆ ಓದೋಮನೆ ಎಂದು ಹೆಸರಿಟ್ಟರು. ಗಡಿಯಾಚೆಯ ದೇಶವೂ ಇದೇ ಕೆಲಸಕ್ಕೆ ಕೈ ಹಾಕಿತ್ತು. ಯಂತ್ರಗಳನ್ನು ಯಾರು ಬೇಕಾದರೂ ಕೊಳ್ಳಬಹುದು, ಓದಿದ ಹುಡುಗ ಹುಡುಗಿಯರು ಎರಡೂ ಕಡೆ ಇದ್ದರು. ಇಲ್ಲಿ ಸಾಲದೆ ಇದ್ದದ್ದು ಕರೆಂಟು. ಒಂದು ಓದೋಮನೆ ಹಗಲೂ ರಾತ್ರಿ ತಿನ್ನುವ ಕರೆಂಟಿನಲ್ಲಿ ಸಣ್ಣ ನಗರವೊಂದು ಬೆಳಗುತ್ತದೆ. ಗಡಿಯಾಚೆಯವರಿಗೆ ಅದು ಹೊಳೆಯ ಹಾಗೆ ಹರಿಯುತ್ತಿತ್ತು. ಇಲ್ಲಿಯವರದು ಕೊಡದಲ್ಲಿ ಹೊತ್ತು ತಂದ ಹಾಗೆ.

ಅದಕ್ಕೇ ಸರ್ಕಾರದ ಸಮಿತಿ ಒಂದು ಪರೀಕ್ಷೆ ಇಟ್ಟಿತು. ಓದೋಮನೆ ಹದಿನೈದು ದಿನ ಒಮ್ಮೆಯೂ ಕಣ್ಣು ಮಿಟುಕಿಸದೆ ನಡೆಯಬೇಕು. ಒಳಗೆ ಬ್ಯಾಟರಿಗಳಿದ್ದವು, ಆದರೆ ಅವುಗಳನ್ನು ಮುಟ್ಟಿದರೂ ಸೋತ ಹಾಗೆಯೇ. ಸೋತರೆ ಬೀರುಗಳನ್ನೆಲ್ಲ ಲಾರಿಗೆ ಹೇರಿ ಗಡಿಯಾಚೆ ಬಾಡಿಗೆ ಜಾಗಕ್ಕೆ ಸಾಗಿಸುವುದು, ಅಲ್ಲಿಯ ಕರೆಂಟಿನಲ್ಲಿ ಓದಿಸುವುದು. ನಮ್ಮ ಮನೆ ಮಗುವನ್ನು ಪಕ್ಕದ ಮನೆಯವರ ದೀಪದ ಕೆಳಗೆ ಕೂರಿಸಿ ಓದಿಸಿದ ಹಾಗೆ, ಅವರು ದೀಪ ಆರಿಸಿದ ದಿನ ಓದೂ ನಿಂತ ಹಾಗೆ, ಎಂದು ಕರೆಂಟಮ್ಮ ಗಂಡನಿಗೆ ಹೇಳಿದ್ದಳು.

ಆದರೆ ಅವಳ ತಲೆಯ ಮೇಲಿದ್ದ ಭಾರ ಬೇರೆ. ಓದೋಮನೆಗೆ ಹೋಗುವ ದಪ್ಪ ಲೈನು ಊರಿನ ಬೀದಿಗಳ ಮೇಲೆ ಹಾದುಹೋಗಬೇಕಿತ್ತು. ಒಪ್ಪಿಗೆ ಕೇಳಲು ಶಾಲೆಯ ಅಂಗಳದಲ್ಲಿ ಸಭೆ ಕರೆದಾಗ, ಹೊಲಿಗೆ ಯಂತ್ರವಿಟ್ಟುಕೊಂಡು ಜೀವನ ನಡೆಸುವ ಟೇಲರಮ್ಮ ಎದ್ದು ನಿಂತರು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ತಂತಿ ನಮ್ಮ ತಲೆ ಮೇಲೆ, ಬೆಳಕು ಅವರ ಮನೆಗೆ. ಕರೆಂಟು ಸಾಲದೆ ಬಂದರೆ ಮೊದಲು ಯಾರದ್ದು ತೆಗೀತೀರಿ, ಅದನ್ನ ಹೇಳಿ."

ದೊಡ್ಡ ಸಾಹೇಬರು, ಅಂದರೆ ಕಂಟ್ರೋಲ್ ರೂಮಿನ ಮೇಲಧಿಕಾರಿ, ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಕರೆಂಟಮ್ಮ ತನಗೇ ಗೊತ್ತಿಲ್ಲದ ಹಾಗೆ ಎದ್ದು ನಿಂತಿದ್ದಳು. "ನಿಮ್ಮ ಸಂಜೆ ದೀಪ ತೆಗೆಯಲ್ಲ. ನಾನು ಆ ಕುರ್ಚಿಯಲ್ಲಿ ಇರೋವರೆಗೂ ತೆಗೆಯಲ್ಲ" ಎಂದುಬಿಟ್ಟಳು. ಊರು ಒಪ್ಪಿತು. ಸರ್ಕಾರದ ಮುದ್ರೆಗಲ್ಲ, ಅವಳ ಮಾತಿಗೆ. ಹಿಂತಿರುಗುವಾಗ ಜೀಪಿನಲ್ಲಿ ಸಾಹೇಬರು ಮುಖ ಗಂಟು ಹಾಕಿಕೊಂಡಿದ್ದರು. ಕೊರತೆ ಬಿದ್ದರೆ ಊರಿನ ಲೈನನ್ನೇ ಮೊದಲು ನಿಲ್ಲಿಸಬೇಕೆಂದು ಮೇಲಿನಿಂದ ಬಂದಿದ್ದ ಆದೇಶ ಅವರ ಜೇಬಿನಲ್ಲೇ ಇತ್ತು.

ಓದೋಮನೆಯೂ ನಡೆಯಬೇಕು, ಊರಿನ ದೀಪವೂ ಉರಿಯಬೇಕು. ಅವಳು ಹಟ ಹಿಡಿದು ಕೂತಳು. ಸಂಜೆ, ಎಲ್ಲರ ಮನೆಯಲ್ಲೂ ದೀಪ ಹತ್ತುವ ಹೊತ್ತಿಗೇ ಕರೆಂಟಿಗೆ ಎಳೆದಾಟ. ಆ ಹೊತ್ತಿನಲ್ಲಿ ಬೇರೆ ಯಾರಾದರೂ ಸ್ವಲ್ಪ ಬಿಟ್ಟುಕೊಟ್ಟರೆ ಸಾಕಿತ್ತು. ರಜೆಯ ದಿನ ಚಪ್ಪಲಿ ಮೆಟ್ಟಿಕೊಂಡು ಮನೆಮನೆ ತಿರುಗಿದ ಹಾಗೆ ಅವಳು ಕಾರ್ಖಾನೆ ಕಾರ್ಖಾನೆ ತಿರುಗಿದಳು. ಐಸ್ ಕಾರ್ಖಾನೆಯವನು ಮೊದಲು ಆಗಲ್ಲ ಎಂದು ಕೈ ಆಡಿಸಿದ. ಆಮೇಲೆ ಅವಳು ಬಿಸಿಲಲ್ಲಿ ನಡೆದು ಬಂದದ್ದನ್ನು ನೋಡಿ, ಕುಡಿಯಲು ತಣ್ಣನೆಯ ನೀರು ಕೊಟ್ಟು, ಬೆಳಗಿನ ಜಾವವೇ ಯಂತ್ರ ಓಡಿಸಿಕೊಳ್ಳುತ್ತೇನೆ ಎಂದ. ನೀರು ಸರಬರಾಜಿನ ಪಂಪಿನವನು ಮಧ್ಯಾಹ್ನವೇ ಟ್ಯಾಂಕು ತುಂಬಿಸಲು ಒಪ್ಪಿದ. ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯ ಯಜಮಾನಿ ಮಾತ್ರ ಒಂದು ಷರತ್ತು ಹಾಕಿದಳು: "ಆ ಯಂತ್ರ ಓದಿ ಮುಗಿಸಿದ ಮೇಲೆ ಮೊದಲು ನನ್ನ ಸೊಸೆಗೆ ಬುದ್ಧಿ ಹೇಳಬೇಕು." ಸೊಸೆ ಪಕ್ಕದಲ್ಲೇ ನಿಂತು ಇಸ್ತ್ರಿ ಮಾಡುತ್ತಿದ್ದಳು. ತಲೆ ಎತ್ತದೆ, "ಮೊದಲು ಅತ್ತೆಗೆ ಹೇಳಿದರೆ ಕರೆಂಟು ಉಳಿಯುತ್ತೆ" ಎಂದಳು. ಇಬ್ಬರೂ ನಕ್ಕರು. ಕರೆಂಟಮ್ಮನಿಗೆ ಅಲ್ಲೂ ಕೆಲಸವಾಯಿತು.

ಪರೀಕ್ಷೆಯ ಮೊದಲ ದಿನಗಳು ಹೀಗೆ ದಾಟಿದವು. ಅಣೆಕಟ್ಟಿನ ಮೂರು ಯಂತ್ರಗಳೂ ತಿರುಗುತ್ತಿದ್ದವು. ಅವುಗಳನ್ನು ನೋಡಿಕೊಳ್ಳುವವನು ಅವಳ ಗಂಡನೇ. ಗೇಟಿನವನಾಗಿ ಸೇರಿದವನ ಕೈಗೆ ಈಗ ಗೇಟಿನ ಜೊತೆಗೆ ಯಂತ್ರವನ್ನು ಲೈನಿಗೆ ಸೇರಿಸುವ ಸ್ವಿಚ್ಚೂ ಬಂದಿತ್ತು. ವಿದ್ಯುದಾಗಾರದ ನೆಲದಲ್ಲಿ ನಾಲ್ಕನೆಯ ಯಂತ್ರಕ್ಕೆಂದು ತೋಡಿದ ಗುಂಡಿಯೊಂದಿತ್ತು. ಕಟ್ಟಿದ ಕಾಲದಲ್ಲಿ ದುಡ್ಡು ಮುಗಿದು, ಕಬ್ಬಿಣದ ಮುಚ್ಚಳ ಹಾಕಿ ಬಿಟ್ಟಿದ್ದರು. ಅದರ ಮೇಲೆ ಕುರ್ಚಿ ಹಾಕಿಕೊಂಡು ಅವನು ಟೀ ಕುಡಿಯುತ್ತಿದ್ದ.

ಪರೀಕ್ಷೆ ಮುಗಿಯುವುದಕ್ಕೆ ಇನ್ನೇನು ಸ್ವಲ್ಪ ದಿನ ಉಳಿದಿದ್ದಾಗ, ಒಂದು ಸಂಜೆ ಮೋಡ ಕವಿದು ಬೇಗ ಕತ್ತಲಾಯಿತು. ಜನ ಹೊತ್ತಿಗೆ ಮುಂಚೆಯೇ ದೀಪ ಹಾಕಿದರು. ಕಂಟ್ರೋಲ್ ರೂಮಿನ ದೊಡ್ಡ ಪರದೆಯಲ್ಲಿ ಬೇಡಿಕೆಯ ಗೆರೆ ಎದ್ದಿತು. ಮೂರನೆಯ ಯಂತ್ರದಲ್ಲಿ ಇನ್ನೂ ಶಕ್ತಿ ಉಳಿದಿತ್ತು. ಅದರ ಗೇಟು ಪೂರ್ತಿ ತೆರೆದಿರಲಿಲ್ಲ. ಅದೊಂದನ್ನು ತೆರೆದರೆ ಸಂಜೆ ಕಳೆಯುತ್ತದೆ. ಅವಳು ಫೋನೆತ್ತಿಕೊಂಡಳು. ಆ ಕಡೆ ಗಂಡನ ದನಿ. ಬೆಳಿಗ್ಗೆ ಕೆಮ್ಮುತ್ತಾ ಹೊರಟಿದ್ದ, ಈಗಲೂ ಕೆಮ್ಮುತ್ತಿದ್ದ. ಆ ಕೆಮ್ಮು ಕೇಳಿದ ಕ್ಷಣ ಅವಳು ಕಂಟ್ರೋಲ್ ರೂಮಿನಿಂದ ಎದ್ದು ಮನೆಯ ಅಡುಗೆಮನೆಗೆ ಹೋಗಿಬಿಟ್ಟಳು ಎನ್ನಬೇಕು. ಗೋಡೆಯ ಮೇಲೆ ತಾನೇ ಬರೆಸಿದ ಅಕ್ಷರಗಳು ಎದುರಿಗಿದ್ದರೂ ಕಾಣಲಿಲ್ಲ.

"ನಾನೇ. ಮೂರನೇದು ತೆಗೀರಿ."

"ಮೂರನೇದಾ? ತೆಗೆಯೋದಾ?"

"ಹೂಂ ರೀ, ಪೂರ್ತಿ ತೆಗೀರಿ. ಬೇಗ."

ಅವನು ಒಂದು ಕ್ಷಣ ತಡೆದ. ಅವಳು ತನ್ನ ಕುರ್ಚಿಯಿಂದ ಮಾತಾಡುತ್ತಿದ್ದಾಳೆ, ದನಿಯಲ್ಲಿ ಅವಸರವಿದೆ, ಲೈನಿಗೆ ಏನೋ ಅಪಾಯವಿರಬೇಕು ಎಂದುಕೊಂಡ. ಅವಳ ಕೆಲಸದ ಮಾತನ್ನು ಅವಳ ಅರ್ಥದಲ್ಲೇ ತೆಗೆದುಕೊಳ್ಳಬೇಕೆಂದು ಇಷ್ಟು ವರ್ಷದ ಸಂಸಾರ ಅವನಿಗೆ ಕಲಿಸಿತ್ತು. ಹೋಗಿ ಮೂರನೆಯ ಯಂತ್ರದ ಸ್ವಿಚ್ಚು ತೆಗೆದ.

ಅವಳ ಎದುರಿನ ಮೀಟರಿನಲ್ಲಿ ಏರಬೇಕಾದ ಮುಳ್ಳು ದಡಕ್ಕನೆ ಇಳಿಯಿತು. ಅಷ್ಟರಲ್ಲಿ ಫೋನು.

"ತೆಗೆದೆ ಕಣೇ."

"ಏನನ್ನ ತೆಗೆದ್ರಿ?"

"ಸ್ವಿಚ್ಚು. ನಿನ್ನ ಭಾಷೇಲಿ ಹೇಳಿದೆಯಲ್ಲ."

"ನಾನು ನಿಮ್ಮ ಭಾಷೇಲಿ ಹೇಳಿದ್ದು."

ಯಂತ್ರವನ್ನು ಮತ್ತೆ ಲೈನಿಗೆ ಸೇರಿಸಲು ಎಷ್ಟು ಹೊತ್ತು ಬೇಕೆಂದು ಅವಳು ಕೇಳಿದಳು. ವೇಗಕ್ಕೆ ಬಂದು ಲೈನಿನ ತಾಳಕ್ಕೆ ಹೊಂದಬೇಕು, ಕಾಲು ಗಂಟೆಯಾದರೂ ಬೇಕು ಎಂದ. "ಬೈಯೋದು ಬೈಸಿಕೊಳ್ಳೋದು ಮನೇಲಿ ನೋಡಿಕೊಳ್ಳೋಣ. ತಪ್ಪು ನನ್ನದು. ನೀವು ಯಂತ್ರ ನೋಡಿ" ಎಂದು ಅವಳು ಫೋನಿಟ್ಟಳು.

ಬಿದ್ದ ಕೊರತೆಯನ್ನೆಲ್ಲ ದೂರದ ಬೇರೆ ವಿದ್ಯುದಾಗಾರಗಳಿಂದ ಬರುವ ಒಂದೇ ಲೈನು ಹೊತ್ತುಕೊಂಡಿತ್ತು. ಮಿತಿ ಮೀರಿ ಹೊತ್ತರೆ ಲೈನು ಕಾಯುತ್ತದೆ, ಕಾದು ಜೋಲುತ್ತದೆ, ಆಮೇಲೆ ತಾನಾಗಿ ಕಳಚಿಕೊಳ್ಳುತ್ತದೆ. ಕಳಚಿದರೆ ಊರೂ ಇಲ್ಲ, ಓದೋಮನೆಯೂ ಇಲ್ಲ. ಕಾಲು ಗಂಟೆ ತಾಳುವ ಲೈನು ಅದಲ್ಲ. ಸಾಹೇಬರು ತಮ್ಮ ಕೋಣೆಯಿಂದ ಓಡಿ ಬಂದು ಅವಳ ಬೆನ್ನ ಹಿಂದೆ ನಿಂತರು.

"ಊರು ತೆಗೀರಿ" ಎಂದರು.

"ಸರ್, ಆ ಮಾತು ಇವತ್ತಿಗೆ ಸಾಕು."

"ನಿಲ್ಲಿಸಿ ಅಂತಲೇ ಇಟ್ಟುಕೊಳ್ಳಿ. ಆದೇಶ ಇದೆ. ನನಗೂ ಬೇಜಾರೇ. ಆದರೆ ಓದೋಮನೆ ಮಿಟುಕಿದರೆ ದೇಶಾನೇ ಮಿಟುಕಿದ ಹಾಗೆ ಅಂತಾರೆ."

ಪರದೆಯ ಮೂಲೆಯಲ್ಲಿ ಊರಿನ ಲೈನು ಹಸಿರು ಗೆರೆಯಾಗಿ ಉರಿಯುತ್ತಿತ್ತು. ಒಂದು ಗುಂಡಿ ಒತ್ತಿದರೆ ಕೆಲಸ ಮುಗಿಯಿತು. ಟೇಲರಮ್ಮನ ಕೊರಳಿನ ಅಳತೆಯ ಟೇಪು ಅವಳ ಕಣ್ಣಿಗೆ ಕಟ್ಟಿತು. ಕೊಟ್ಟ ಮಾತನ್ನು ತನ್ನದೇ ಬಾಯಿತಪ್ಪಿಗೆ ತಾನೇ ಮುರಿಯುವುದೆಂದರೆ ಆಮೇಲೆ ಆ ಬೀದಿಯಲ್ಲಿ ಯಾವ ಮುಖ ಹೊತ್ತು ನಡೆಯುವುದು. "ಸರ್, ಒಂದು ಫೋನು ಮಾಡ್ತೀನಿ. ಆಗದಿದ್ದರೆ ನಾನೇ ನಿಲ್ಲಿಸ್ತೀನಿ" ಎಂದಳು. ಸಾಹೇಬರು ಗಡಿಯಾರ ನೋಡಿದರು, ಲೈನಿನ ಬಿಸಿ ನೋಡಿದರು. ಆಮೇಲೆ ಮೇಜಿನ ತುದಿಯಲ್ಲಿದ್ದ ಫೋನನ್ನು ತಾವೇ ಅವಳ ಕೈಗೆ ದೂಡಿದರು.

ಅವಳು ಕರೆದದ್ದು ಓದೋಮನೆಗೆ. ಸಂಜೆಯ ಪಾಳಿಯಲ್ಲಿ ಇರುತ್ತಿದ್ದವಳು ದಪ್ಪ ಗಾಜಿನ ಕನ್ನಡಕದ ಎಂಜಿನಿಯರ್ ಹುಡುಗಿ. ಊರಿಗೆ ಬಂದು ವರ್ಷವೂ ಆಗಿರಲಿಲ್ಲ. ಟೇಲರಮ್ಮನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು. ಅವಳಿಗೆ ಕರೆಂಟಮ್ಮ ಏನನ್ನೂ ಮುಚ್ಚಿಡಲಿಲ್ಲ. ಯಂತ್ರ ಬಿತ್ತು, ತಪ್ಪು ತನ್ನದು, ಕಾಲು ಗಂಟೆ ಬೇಕು, ಓದೋಮನೆ ಅಷ್ಟು ಹೊತ್ತು ಕಡಿಮೆ ತಿನ್ನಲು ಆಗುತ್ತದೆಯೇ ಎಂದು ಕೇಳಿದಳು.

"ನಿಲ್ಲಿಸೋದಾ?" ಹುಡುಗಿ ಗಾಬರಿಯಾದಳು.

"ನಿಲ್ಲಿಸೋದಲ್ಲ ಮಗಳೇ. ಇಳಿಸೋದು. ಓದೋ ಮಗು ಪುಸ್ತಕ ಮುಚ್ಚೋದು ಬೇಡ, ಸ್ವಲ್ಪ ನಿಧಾನಕ್ಕೆ ಓದಲಿ."

"ಆಗುತ್ತೆ ಅಮ್ಮ. ಯಾರೂ ಕೇಳಿರಲಿಲ್ಲ, ಅಷ್ಟೇ." ಆಮೇಲೆ ದನಿ ತಗ್ಗಿತು. "ಆದರೆ ನಾವು ನಿಧಾನ ಮಾಡಿದರೆ ಗಡಿಯಾಚೆಯವರು ಅಷ್ಟು ಮುಂದೆ ಹೋಗ್ತಾರೆ. ಸಮಿತಿಯವರು ನನ್ನನ್ನ ಕೇಳ್ತಾರೆ. ಇಳಿಸದಿದ್ದರೆ ಏನಾಗುತ್ತೆ?"

"ಊರು ಕತ್ತಲಾಗುತ್ತೆ."

"ಟೇಲರಮ್ಮನ ಬೀದೀನೂ?"

"ಅದೂ."

ಆ ಹುಡುಗಿ ಪಾಳಿ ಮುಗಿಸಿ ಮನೆಗೆ ಹೋಗುವುದು ತಡವಾಗುತ್ತಿತ್ತು. ಮಹಡಿಗೆ ಹತ್ತುವ ಮೆಟ್ಟಿಲು ಹೊರಗಡೆ ಇತ್ತು, ಕಡಿದಾಗಿತ್ತು, ಒಂದು ಕಡೆ ಒಡೆದಿತ್ತು. ಅವಳು ಬರುವವರೆಗೂ ಟೇಲರಮ್ಮ ಮೆಟ್ಟಿಲ ಮೇಲಿನ ಬಲ್ಬು ಹಾಕಿಟ್ಟಿರುತ್ತಿದ್ದರು. ಹಾಕಿಟ್ಟಿರುತ್ತೇನೆ ಎಂದು ಅವರು ಹೇಳಿರಲಿಲ್ಲ, ಥ್ಯಾಂಕ್ಸ್ ಎಂದು ಇವಳೂ ಹೇಳಿರಲಿಲ್ಲ. ಇದನ್ನು ಹುಡುಗಿ ಕರೆಂಟಮ್ಮನಿಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ. ಆಗ ಫೋನಿನಲ್ಲಿ ಕೇಳಿಸಿದ್ದು ಬರೀ ಕೀಬೋರ್ಡಿನ ಟಕಟಕ.

"ಕಲಿತಷ್ಟನ್ನ ಮೊದಲು ಭದ್ರವಾಗಿ ಎತ್ತಿಡ್ತಿದೀನಿ," ಎಂದಳು ಹುಡುಗಿ. "ಆಯ್ತು. ಈಗ ಅರ್ಧಕ್ಕೆ ಇಳಿಸ್ತೀನಿ. ಒಂದೇ ಸಲಕ್ಕೆ ಅಲ್ಲ, ನಿಮಗೆ ಕಷ್ಟ ಆಗಬಾರದು."

ಪರದೆಯ ಮೇಲೆ ಓದೋಮನೆಯ ಗೆರೆ ಮೆಟ್ಟಿಲಿಳಿಯುವ ಹಾಗೆ ಒಂದೊಂದೇ ಹೆಜ್ಜೆ ಇಳಿಯಿತು. ಕಾದ ಲೈನು ಉಸಿರು ಬಿಟ್ಟಿತು. ಸಾಹೇಬರು ಮೊದಲ ಬಾರಿಗೆ ಕುರ್ಚಿ ಎಳೆದುಕೊಂಡು ಕೂತರು. ಕಿಟಕಿಯಾಚೆ ದೂರದಲ್ಲಿ ಊರು, ಯಾವುದೂ ಗೊತ್ತಿಲ್ಲದೆ, ದೀಪ ಹಚ್ಚಿಕೊಂಡು ತನ್ನ ಪಾಡಿಗೆ ಇತ್ತು. ಕೊನೆಗೆ ಗಂಡನ ಫೋನು ಬಂತು. ಮೂರನೆಯದು ಲೈನಿಗೆ ಸೇರಿತು, ಗೇಟು ಪೂರ್ತಿ ಬಿಟ್ಟಿದ್ದೇನೆ, ಬಿಟ್ಟಿದ್ದೇನೆ ಎಂದರೆ ನೀರು, ಎಂದು ಅವನು ಒಂದೊಂದು ಮಾತನ್ನೂ ತೂಗಿ ಹೇಳಿದ. ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಕೆಮ್ಮಿಗೆ ಬಿಸಿನೀರು ಕುಡಿಯಿರಿ ಎಂದಷ್ಟೇ ಹೇಳಿದಳು.

ಮರುದಿನ ಸಮಿತಿಯವರು ಬಂದರು. ಬಾಗಿಲ ಹೊರಗೆ ಸಾಹೇಬರು ಅವಳನ್ನು ತಡೆದು, ಯಂತ್ರದ ದೋಷ ಎಂದರೆ ಯಾರೂ ಕೆದಕುವುದಿಲ್ಲ, ನಾನೂ ಹಾಗೆಯೇ ಹೇಳುತ್ತೇನೆ ಎಂದು ಮೆಲ್ಲಗೆ ಅಂದರು. ಅವಳ ನಿವೃತ್ತಿ ಹತ್ತಿರವಿದೆ, ಕೊನೆಗಾಲದಲ್ಲಿ ಕಪ್ಪುಚುಕ್ಕೆ ಬೇಡ ಎಂಬ ಕಾಳಜಿ. ಅವಳು ಕೈ ಮುಗಿದಳು. "ಯಂತ್ರದ ಮೇಲೆ ಹಾಕಿದರೆ ಅದನ್ನ ಬಿಚ್ಚಿ ನೋಡ್ತಾರೆ ಸರ್, ಅಷ್ಟು ಹೊತ್ತೂ ಕರೆಂಟು ಕಡಿಮೆಯಾಗುತ್ತೆ" ಎಂದು ಒಳಗೆ ಹೋದಳು.

ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಸಮಿತಿಯ ಅಧ್ಯಕ್ಷೆ ಬೆಳ್ಳಿಗೂದಲಿನ ಹೆಂಗಸು. 'ನಿನ್ನ ಭಾಷೆ, ನನ್ನ ಭಾಷೆ' ಎಂಬಲ್ಲಿಗೆ ಬಂದಾಗ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಕನ್ನಡಕದ ಹುಡುಗಿಯ ಕಡೆ ತಿರುಗಿದರು. ಕರೆಂಟು ಒಮ್ಮೆಯೂ ತಪ್ಪಲಿಲ್ಲ, ಬ್ಯಾಟರಿ ಮುಟ್ಟಲಿಲ್ಲ, ಹಾಗಾಗಿ ಪರೀಕ್ಷೆ ಸೋತ ಹಾಗಲ್ಲ. ಆದರೆ ಇದೇ ರೀತಿ ದಿನಾ ಸಂಜೆ ಇಳಿಸಿ, ಊರು ಮಲಗಿದ ಮೇಲೆ ಏರಿಸಿದರೆ ನಡೆಯುತ್ತದೆಯೇ ಎಂದು ಕೇಳಿದರು. ನಡೆಯುತ್ತದೆ, ಓದು ಮುಗಿಯುವುದು ಮಾತ್ರ ತಡವಾಗುತ್ತದೆ ಎಂದಳು ಹುಡುಗಿ. ಗಡಿಯಾಚೆಯವರಿಗಿಂತ ತಡವೇ ಎಂದರು. ಹುಡುಗಿ ತಲೆ ತಗ್ಗಿಸಿ, ಹೌದು, ಅವರಷ್ಟು ಕರೆಂಟು ನಮ್ಮಲ್ಲಿಲ್ಲವಲ್ಲ ಎಂದಳು.

ಕರೆಂಟಮ್ಮ ಕುರ್ಚಿಯಿಂದ ಎದ್ದಳು.

"ಹಾಗಾದರೆ ನಾಲ್ಕನೇದು ಕೊಡಿ. ಗುಂಡಿ ಇದೆ, ನೀರಿದೆ. ಮುಚ್ಚಳದ ಮೇಲೆ ನಮ್ಮ ಮನೆಯವರು ಕೂತು ಟೀ ಕುಡೀತಿದಾರೆ. ಬೀರುಗಳನ್ನ ಗಡಿಯಾಚೆ ಸಾಗಿಸೋ ಬದಲು ಒಂದು ಯಂತ್ರ ಈಚೆ ತನ್ನಿ."

ಅಧ್ಯಕ್ಷೆ ಅವಳನ್ನೇ ನೋಡಿದರು. "ತಪ್ಪಾಯ್ತು ಅನ್ನೋಕೆ ಬಂದವರು ಯಂತ್ರ ಕೇಳ್ತಿದೀರಲ್ಲ" ಎಂದರು.

"ತಪ್ಪಾಯ್ತು ಅಂತ ಮೊದಲೇ ಅಂದೆನಲ್ಲ" ಎಂದಳು ಕರೆಂಟಮ್ಮ. "ಇನ್ನು ಯಂತ್ರ."

ಪರೀಕ್ಷೆಯ ಉಳಿದ ದಿನಗಳೂ ಮಿಟುಕದೆ ಕಳೆದವು; ಬೀರುಗಳು ಲಾರಿ ಹತ್ತಲಿಲ್ಲ. ಸಂಜೆಯಾಗುತ್ತಲೇ ಓದೋಮನೆ ಇಳಿಯುವುದು ರೂಢಿಯಾಯಿತು; ಮೊದಮೊದಲು ಕರೆಂಟಮ್ಮ ಕೇಳುತ್ತಿದ್ದಳು, ಆಮೇಲೆ ಹುಡುಗಿಯೇ ಫೋನು ಮಾಡಿ "ದೀಪದ ಹೊತ್ತಾಯ್ತು, ಇಳಿಸಲಾ ಅಮ್ಮ?" ಎನ್ನುತ್ತಿದ್ದಳು. ಗಡಿಯಾಚೆಯವರು ಮುಂದಿದ್ದಾರೆ ಎಂದು ಪತ್ರಿಕೆಗಳು ಬರೆದವು. ಮುಂದಿದ್ದರು, ನಿಜ. ನಾಲ್ಕನೆಯ ಯಂತ್ರಕ್ಕೆ ಮಂಜೂರಾತಿ ಸಿಕ್ಕರೂ ಅದು ಬರುವುದು ಸುಲಭವಾಗಲಿಲ್ಲ. ಎಲ್ಲ ದೇಶಗಳೂ ಒಂದೇ ಸಲ ಕೈ ಚಾಚಿದ್ದರಿಂದ ಅಂಥ ಯಂತ್ರ ಮಾಡುವ ಕಾರ್ಖಾನೆಗಳ ಮುಂದೆ ದೊಡ್ಡ ಸರದಿ ನಿಂತಿತ್ತು. ಸಾಹೇಬರು ಆ ಸರದಿಯಲ್ಲಿ ಒಂದು ಹೆಜ್ಜೆಯೂ ಹಿಂದೆ ಬೀಳದ ಹಾಗೆ ಪಟ್ಟು ಹಿಡಿದು ಫೋನು ಮಾಡುತ್ತಲೇ ಇದ್ದರು. ಕರೆಂಟಮ್ಮನ ನಿವೃತ್ತಿಯ ದಿನ ಬಂದಾಗ, ಕುರ್ಚಿ ಬಿಟ್ಟರೆ ಊರಿಗೆ ಕೊಟ್ಟ ಮಾತಿನ ಗತಿ ಏನು ಎಂದು ಅವಳೇ ಹೋಗಿ ಸಾಹೇಬರನ್ನು ಕೇಳಿ, ಇನ್ನೊಂದು ವರ್ಷ ಅದೇ ಕುರ್ಚಿಯಲ್ಲಿ ಕೂತಳು.

ಒಂದು ಬೆಳಿಗ್ಗೆ ಅಣೆಕಟ್ಟಿನಿಂದ ಫೋನು. ಹಿಂದೆ ಕ್ರೇನಿನ ಗಡಗಡ, ಜನರ ಗದ್ದಲ. ಗಂಡ ಆ ಸದ್ದಿನ ಮೇಲೆ ದನಿಯೆತ್ತಿ ಹೇಳಿದ:

"ನಾಲ್ಕನೇದು ತೆಗೀತಿದೀವಿ ಕಣೇ."

ಅವಳು ಗೋಡೆಯ ಮೇಲಿನ ಬರಹ ನೋಡಿದಳು. "ಯಾರ ಭಾಷೇಲಿ?"

"ನಿಂದೂ ಅಲ್ಲ, ನಂದೂ ಅಲ್ಲ," ಎಂದ ಅವನು. "ಮುಚ್ಚಳ ತೆಗೀತಿದೀವಿ. ಇನ್ನು ಟೀ ಕುಡಿಯೋಕೆ ನನಗೆ ಬೇರೆ ಜಾಗ ನೋಡು."